ಅಪ್ಪನ ಕಾರಿನ ಬಣ್ಣ

ಅಪ್ಪ ತೀರಿಕೊಂಡ ಮೇಲೆ ಕಾರು ನನ್ನ ಪಾಲಿಗೆ ಬಂತು. ಅಕ್ಕ ಒಂದೇ ಕರಾರು ಹಾಕಿದಳು. ಅಪ್ಪನ ಕಾರನ್ನು ನಾನು ಚೆನ್ನಾಗಿ ನೋಡಿಕೊಳ್ಳಬೇಕು, ಇಲ್ಲದಿದ್ದರೆ ವರ್ಷ ತುಂಬಿದ ದಿನ ಬಂದು ತಾನೇ ಒಯ್ಯುತ್ತಾಳೆ. ಅಕ್ಕ ಹೆಡ್‌ಮಿಸ್ ಆಗಿ ನಿವೃತ್ತಳಾದವಳು, ಹೇಳಿದ್ದನ್ನು ಮಾಡದೆ ಬಿಟ್ಟವಳಲ್ಲ. ಕೊಡುವ ಮಾತೇ ಇಲ್ಲ ಎಂದು ನಾನೂ ಹಟ ಹಿಡಿದೆ. ಅಪ್ಪನದೆನ್ನಲು ನನ್ನ ಹತ್ತಿರ ಅದೊಂದೇ ಇತ್ತು.

ವರ್ಷ ತುಂಬಲು ವಾರವಿದ್ದಾಗ ನಮ್ಮೆಜಮಾನರು ಮೂರು ಅಗ್ಗದ ಸಾಮಾನು ತಂದರು: ಒಂದು ಬಾಟಲಿ ಪಾಲಿಷ್, ಒಂದು ಡಬ್ಬಿ ಮೇಣ, ಒಂದು ಸ್ಪ್ರೇ.

"ಡಬ್ಬಿ ಮೇಲಿನ ಚಿತ್ರಕ್ಕೆ ಯಾಕೆ ದುಡ್ಡು ಸುರೀಬೇಕು? ಮೊದಲು ಪರೀಕ್ಷೆ ಮಾಡೋಣ," ಅಂದರು.

ಇವರದು ಕನ್ನಡಕದಂಗಡಿ. ಇವರಿಗೆ ಗೊತ್ತಿರುವ ಪರೀಕ್ಷೆ ಒಂದೇ. ಬೂದು ಬಣ್ಣದ ಬಾನೆಟ್ಟಿಗೆ ಟೇಪು ಅಂಟಿಸಿ ಮೂರು ಚೌಕ ಮಾಡಿದರು, ಒಂದೊಂದಕ್ಕೆ ಒಂದೊಂದು ಹಚ್ಚಿದರು. ಆಮೇಲೆ ಬೀದಿಯಲ್ಲಿ ಕುರ್ಚಿ ಹಾಕಿ, ಸಿಕ್ಕಸಿಕ್ಕವರನ್ನು ಕೂರಿಸಿ, ಒಂದು ಕಣ್ಣನ್ನು ಚಮಚದಿಂದ ಮುಚ್ಚಿದರು.

"ಒಂದನೇದು ಚೆನ್ನಾಗಿದೆಯಾ, ಎರಡನೇದಾ?"

ಪೋಸ್ಟ್‌ಮ್ಯಾನ್ ಎರಡನೇದು ಅಂದ. ಎದುರುಮನೆ ಟೈಲರ್‌ಗೆ ಕಾರೇ ಸರಿಯಾಗಿ ಕಾಣಲಿಲ್ಲ, ಅವನಿಗೆ ಅಲ್ಲೇ ಕನ್ನಡಕದ ನಂಬರ್ ಬರೆದುಕೊಟ್ಟರು. ಸಾಲು ಓಣಿಯ ತಿರುವಿನ ತನಕ ಬೆಳೆಯಿತು. ನಾನು ತಲೆ ಚಚ್ಚಿಕೊಂಡೆ.

ಕೊನೆಗೆ ಗೆದ್ದದ್ದು ಎಲ್ಲಕ್ಕಿಂತ ಅಗ್ಗದ ಬಾಟಲಿ. ಅದರಲ್ಲಿ ಸಣ್ಣ ತರಿಯಿತ್ತು. ಉಜ್ಜಿದಂತೆಲ್ಲ ಬಟ್ಟೆ ನೀಲಿಯಾಗತೊಡಗಿತು.

"ರೀ, ಬಣ್ಣ ಹೋಗ್ತಿದೆ!"

"ಹೋಗ್ತಿಲ್ಲ ಕಣೇ, ಈಗ ಬರ್ತಿದೆ!"

ನಿಜ. ಬೂದು ಅಂದುಕೊಂಡಿದ್ದು ಬಿಸಿಲಿಗೆ ಸುಟ್ಟ ಮೇಲ್ಪದರ. ಅಪ್ಪ ಕೊಳ್ಳುವಾಗಲೇ ಅದು ಯಾರೋ ಬಳಸಿ ಬಿಟ್ಟ ಹಳೇ ಕಾರು, ಅದರ ಅಸಲಿ ಬಣ್ಣ ನಾವು ನೋಡಿದ್ದೇ ಇಲ್ಲ. ಕಾರಿನ ಆರ್‌ಸಿ ಪುಸ್ತಕ ತೆಗೆದು ನೋಡಿದರೆ ಬಣ್ಣ: ನೀಲಿ. ನಾವು ಉಮೇದಿನಿಂದ ಇಡೀ ಕಾರನ್ನು ಉಜ್ಜಿ, ಮೇಲೆ ತೆಳ್ಳಗೆ ಮೇಣ ಹಚ್ಚಿ ಒರೆಸಿದೆವು. ಅದರಲ್ಲಿ ನನ್ನ ಮುಖ ನೋಡಿಕೊಂಡು ತಲೆ ಬಾಚಿದೆ.

ಅಕ್ಕ ಬಂದಳು, ಕಾರನ್ನು ದಾಟಿಕೊಂಡು ನೇರ ಒಳಗೆ ನಡೆದಳು.

"ಎಲ್ಲೇ ಕಾರು?"

ತೋರಿಸಿದೆ. ಅವಳು ಅದರ ಸುತ್ತ ಎರಡು ಸುತ್ತು ಬಂದಳು.

"ಅಪ್ಪನ ಕಾರು ಮಾರ್ಕೊಂಡುಬಿಟ್ಯಾ?"

ಪುಸ್ತಕ ಕೊಟ್ಟೆ. "ಇದನ್ನ ಯಾರು ಬೇಕಾದ್ರೂ ಬರೀಬಹುದು," ಅಂದಳು. ನಂಬರ್ ತೋರಿಸಿದೆ. "ನಂಬರ್ ಹಾಕಿಸೋದೇನು ಮಹಾ! ಇದು ನಂಗೆ ಬೇಡ, ನೀನೇ ಇಟ್ಕೋ."

ಕಾರು ಉಳಿಯಿತು. ಕುಣಿದಾಡಬೇಕಿತ್ತು ನಾನು. ಆದರೆ ಯಾರದೋ ಮನೆಗೆ ಹೋದವಳಂತೆ ಅದರಲ್ಲಿ ಮುದುಡಿ ಕೂರತೊಡಗಿದೆ.

ಹತ್ತು ದಿನದ ಮೇಲೆ ಅಕ್ಕನ ಫೋನ್ ಬಂತು. "ಸಿಕ್ತು ಕಣೇ! ಅಪ್ಪನ ಕಾರು! ಗ್ಯಾರೇಜ್ ಹಿಂದೆ ನಿಂತಿತ್ತು, ತಗೊಂಡೆ. ಬೇಗ ಬಾ."

ನೀಲಿ ಕಾರಿನಲ್ಲೇ ಗಂಡನ ಜೊತೆ ಗ್ಯಾರೇಜಿಗೆ ಓಡಿದೆ. ಅಲ್ಲಿ ನಿಂತಿದ್ದದ್ದು ಬೇರೆ ಕಂಪನಿಯ ಕಾರು. ಅಪ್ಪನದಕ್ಕೆ ನಾಲ್ಕು ಬಾಗಿಲು, ಇದಕ್ಕೆ ಎರಡು. ಅಕ್ಕನಿಗೆ ಬುದ್ಧಿ ಹೇಳೋಣ ಎಂದು ಬಾಯಿ ತೆರೆದವಳು ಬಾನೆಟ್ ಮೇಲೆ ಕೈ ಊರಿದೆ. ಬೂದುಪುಡಿ ಅಂಗೈಗೆ ಹತ್ತಿತು. ಚಿಕ್ಕಂದಿನಲ್ಲಿ ಅಪ್ಪನಿಗಾಗಿ ಕಾಯುತ್ತಾ ಹೀಗೇ ಒರಗಿ ನಿಂತು ಫ್ರಾಕು ಹಾಳುಮಾಡಿಕೊಳ್ಳುತ್ತಿದ್ದೆ. ಅಳು ತಡೆಯಲಾಗಲಿಲ್ಲ.

ಇವರು ಪಾಪ, ಜೇಬಿನಿಂದ ಒರೆಸುವ ಬಟ್ಟೆ ತೆಗೆದು ಬಾನೆಟ್ಟಿನತ್ತ ಬಾಗಿದರು.

"ಮುಟ್ಟಬೇಡಿ!" ಅಕ್ಕ, ನಾನು ಒಟ್ಟಿಗೇ ಕೂಗಿದೆವು.

ಅಕ್ಕನಿಗೆ ಓಡಿಸಲು ಬರುವುದಿಲ್ಲ. ಬೀಗದ ಕೈ ನನ್ನ ಕೈಗಿಟ್ಟಳು. ಆ ನೀಲಿ ಕಾರನ್ನು ಇವರು ಮನೆಗೆ ಒಯ್ದರು. ಅಕ್ಕ, ನಾನು ಅಪ್ಪನ ಕಾರಿನಲ್ಲಿ ಹೊರಟೆವು.