ಕ್ಯಾರಿಯರ್ ಮೇಲಿನ ಭಾರ

ಸೈಕಲ್ ಅಭ್ಯಾಸ ಮಾಡಲು ಘಟ್ಟ ಇಳಿದು ದ್ವೀಪಕ್ಕೆ ಹೋಗುತ್ತೇವೆ ಎಂದು ನಾನು ಹೇಳಿದಾಗ ನಮ್ಮ ಕೇರಿಯಲ್ಲಿ ನಗದೆ ಉಳಿದವರು ಯಾರೂ ಇರಲಿಲ್ಲ. "ಸಾಗರದಾಗೆ ರಸ್ತೆ ಎಲ್ಲ ಖರ್ಚಾದ್ವೇನೇ ಹೂವಮ್ಮಾ?" ಎಂದು ಬಾವಿಕಟ್ಟೆಯಲ್ಲಿ ಒಬ್ಬಳು ಕೇಳಿದಳು. ನಗಲಿ ಬಿಡಿ, ನನ್ನ ಗಂಟೇನು ಹೋಗುತ್ತೆ. ನನಗೆ ಬೇಕಾದದ್ದು ಏನು ಎಂಬುದು ನನಗೆ ಗೊತ್ತಿತ್ತು.

ಅದು ಅರವತ್ತಾರನೇ ಇಸವಿಯ ಚಳಿಗಾಲ. ನಮ್ಮನೆಯವರು ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದರು. ಇವರ ಹೆಸರನ್ನು ನಾನು ಹೇಳುವುದಿಲ್ಲ, ಬೇರೆಯವರು ಕರೆಯುವಾಗ ಕೇಳಿಸಿಕೊಳ್ಳಿ. ಪ್ರತಿ ಜನವರಿ ಇಪ್ಪತ್ತಾರಕ್ಕೆ ತೀರ್ಥಹಳ್ಳಿಯಿಂದ ಹೊರಟು ಹೊಸನಗರದ ಮೇಲೆ ಸಾಗರಕ್ಕೆ ಬರುವ ಸೈಕಲ್ ರೇಸಿನಲ್ಲಿ ಮೂರು ಸಲ ಇವರೇ ಮೊದಲು. ಮೂರು ಕಪ್ಪು ಕೊಟ್ಟಿದ್ದಾರೆ. ಒಂದರಲ್ಲಿ ನಾನು ಉಪ್ಪು ಹಾಕಿಟ್ಟಿದ್ದೇನೆ.

ರೇಸಿಗೆ ಒಂದು ತಿಂಗಳು ಇರುವಾಗ ಎಲ್ಲರೂ ಕ್ಯಾರಿಯರ್‌ಗೆ ಅಕ್ಕಿ ಮೂಟೆ ಕಟ್ಟಿಕೊಂಡು ಅಭ್ಯಾಸ ಮಾಡುತ್ತಿದ್ದರು. ಭಾರ ಎಳೆದು ಎಳೆದು ಕಾಲು ಗಟ್ಟಿಯಾದರೆ ರೇಸಿನ ದಿನ ಖಾಲಿ ಸೈಕಲ್ ಹಾರುತ್ತದಂತೆ. ಇವರು ಮಾತ್ರ ಮೂಟೆ ಕಟ್ಟುತ್ತಿರಲಿಲ್ಲ, ನನ್ನನ್ನೇ ಕೂರಿಸಿಕೊಳ್ಳುತ್ತಿದ್ದರು. "ಮೂಟೆ ಮಾತಾಡಲ್ಲ, ನೀನಾದ್ರೆ ದಾರಿ ತುಂಬ ಬೈತಾ ಬರ್ತೀಯ" ಎನ್ನುತ್ತಿದ್ದರು. ಹೋಗುವಾಗ ಇವರ ಬಾಯಲ್ಲಿ ಶಿಳ್ಳೆ. ತಿರುವು ಬಂದಾಗೆಲ್ಲ ಶಿಳ್ಳೆ ನಿಲ್ಲಿಸಿ, "ಹೂವೀ, ಇದ್ದೀಯಾ?" ಎಂದು ಕೇಳುವುದು. "ಇದ್ದೀನಿ ಮಾರಾಯ್ರೇ, ಎಲ್ಲಿಗೆ ಹೋಗ್ಲಿ!" ಎಂದು ನಾನು ಹೇಳುವುದು. ಮದುವೆಯಾಗಿ ಎಂಟು ವರ್ಷ, ಮಕ್ಕಳಿಲ್ಲ. ಆದರೂ ಆ ಕ್ಯಾರಿಯರ್ ಮೇಲೆ ಕೂತಾಗ ನನಗೆ ಯಾವ ಕೊರತೆಯೂ ನೆನಪಾಗುತ್ತಿರಲಿಲ್ಲ.

ಹಿಂದಿನ ವರ್ಷ ಇದೇ ಚಳಿಯಲ್ಲಿ ವರದಮೂಲದ ಕಡೆಯ ಇಳಿಜಾರಿನಲ್ಲಿ ಬಿದ್ದೆವು. ಬೆಳಗಿನ ಮಂಜು, ನೆನೆದ ಬ್ರೇಕು, ರಸ್ತೆಗೆ ಅಡ್ಡ ನಿಂತ ಒಂದು ಎಮ್ಮೆ. ನನಗೆ ನೆನಪಿರುವುದು ಎಮ್ಮೆಯ ಮುಖ ಮಾತ್ರ. ಎಚ್ಚರವಾದಾಗ ಗಾಡಿಯಲ್ಲಿ ಹುಲ್ಲಿನ ಮೇಲೆ ಮಲಗಿದ್ದೆ, ತಲೆಗೆ ಇವರ ಟವೆಲ್ ಸುತ್ತಿತ್ತು, ಎಡಗೈ ಮುರಿದಿತ್ತು. ಇವರ ಮಂಡಿ ಊದಿಕೊಂಡು ತೆಂಗಿನಕಾಯಿಯಷ್ಟಾಗಿತ್ತು.

ನನ್ನ ಕೈ ಕೂಡಿತು. ಇವರ ಮಂಡಿಯೂ ಯುಗಾದಿ ಹೊತ್ತಿಗೆ ಸರಿಯಾಯಿತು ಎಂದು ಸೊಪ್ಪಿನ ಪಟ್ಟು ಹಾಕಿದ ನಾಟಿವೈದ್ಯನೇ ಹೇಳಿದ. ಆದರೆ ಇವರು ಸೈಕಲ್ ಮುಟ್ಟಲಿಲ್ಲ. ಗಿರಣಿಗೆ ನಡೆದು ಹೋದರು, ನಡೆದು ಬಂದರು. ಕೇಳಿದರೆ, "ಚಳಿಗೆ ಮಂಡಿ ಹಿಡಿಯತ್ತೆ" ಎಂದರು. ಮಳೆಗಾಲದಲ್ಲಿ "ಶೀತಕ್ಕೆ ಹಿಡಿಯತ್ತೆ" ಎಂದರು. ವರ್ಷ ಉರುಳಿತು. ಊಟಕ್ಕೆ ಕೂತರೆ ಮಾತಿಲ್ಲ, ಬಡಿಸಿದ್ದು ಬೇಕೋ ಬೇಡವೋ ಅದೂ ಇಲ್ಲ. ಕಪ್ಪು ಯಾರಿಗೆ ಬೇಕಿತ್ತು? ನನಗೆ ಬೇಕಿದ್ದದ್ದು ಶಿಳ್ಳೆ ಹಾಕುವ ಗಂಡ. ಇವರು ಮತ್ತೆ ಸೈಕಲ್ ಹತ್ತದಿದ್ದರೆ ಆ ಮನುಷ್ಯ ನನಗೆ ಸಿಗುವುದಿಲ್ಲ ಎಂದು ನನಗೆ ಖಾತ್ರಿಯಾಗಿ ಹೋಗಿತ್ತು.

ಚಳಿಯೇ ಇಲ್ಲದ ಜಾಗ ಹೇಳಿಕೊಟ್ಟವಳು ಮಾಸ್ತಮ್ಮ. ಘಟ್ಟದ ಕೆಳಗಿನವಳು, ಗುರುವಾರದ ಸಂತೆಗೆ ಒಣಮೀನು ತರುತ್ತಿದ್ದಳು. ಶರಾವತಿ ಸಮುದ್ರ ಸೇರುವ ಹತ್ತಿರ ಹೊಳೆಯ ನಡುವೆ ಅವರ ಕುರ್ವೆ. ಕುರ್ವೆ ಎಂದರೆ ನಾಲ್ಕೂ ಕಡೆ ನೀರಿರುವ ನಡುಗಡ್ಡೆ.

"ಪುಷ್ಯ ಮಾಸದಲ್ಲೂ ನಾವು ಹೊದ್ಕಂಬುದಿಲ್ಲ ಮಾರಾಯ್ತಿ," ಎಂದಳು. "ಏರಿಲ್ಲ, ಇಳುಕಲಿಲ್ಲ, ಅಂಗೈ ಹಂಗೆ ಸಮ ನೆಲ. ಬಿಸಿ ಮರಳಲ್ಲಿ ಮಂಡಿ ಹುಗ್ದು ಕೂತ್ರೆ ಎಂಥ ನೋವಿದ್ರೂ ಬಿಡ್ತದೆ. ಹದಿನೈದು ದಿನ ನಮ್ಮನೆ ಜಗಲಿಯಲ್ಲಿ ಇರಿ. ಕುರ್ವೆ ಸುತ್ತ ದಾರಿ ಉಂಟು, ಎಷ್ಟು ಬೇಕೋ ಅಷ್ಟು ಹೊಡೀಲಿ."

ಅಲ್ಲಿಗೆ ನನ್ನ ತಲೆಯಲ್ಲಿ ಬೇರೆ ಯಾವುದಕ್ಕೂ ಜಾಗ ಉಳಿಯಲಿಲ್ಲ. ಶನಿವಾರ ಬೆಳಗಿನ ಬಸ್ಸು. ಸೈಕಲ್ಲಿನ ಮುಂದಿನ ಚಕ್ರ ಬಿಚ್ಚಿ ಬಸ್ಸಿನ ಮೇಲೆ ಕಟ್ಟುವುದು. ಹೊನ್ನಾವರದಲ್ಲಿ ಇಳಿದು ದೋಣಿ. ದೋಣಿಯಲ್ಲಿ ಸೈಕಲ್ ನಿಲ್ಲಿಸಬಾರದು, ಮಲಗಿಸಬೇಕು, ಹಾಗಂತ ಮಾಸ್ತಮ್ಮ ಎರಡು ಸಲ ಹೇಳಿದ್ದಳು. ಪಂಕ್ಚರಿಗೆ ರಬ್ಬರು, ಸಲ್ಯೂಷನ್ನು, ಪಂಪು. ಮಂಡಿಗೆ ಹಚ್ಚಲು ಕೊಬ್ಬರಿ ಎಣ್ಣೆ. ಹೋದವರು ಕೈ ಬೀಸಿಕೊಂಡು ಹೋಗುವ ಹಾಗಿಲ್ಲವಲ್ಲ, ಮಾಸ್ತಮ್ಮನಿಗೆ ಒಂದು ಭರಣಿ ಮಿಡಿ ಉಪ್ಪಿನಕಾಯಿ, ಐದು ಸೇರು ಅವಲಕ್ಕಿ. ಗಿರಣಿಯಲ್ಲಿ ರಜೆ ಕೇಳಲು ಇವರು ಹಿಂದೆ ಮುಂದೆ ನೋಡಿದಾಗ ನಾನೇ ಹೋಗಿ ಕೇಳಿದೆ. ಗಿರಣಿ ಯಜಮಾನರು ನನ್ನ ಮುಖ ನೋಡಿ ಬೇಗ ಒಪ್ಪಿದರು.

ಇವರು ಎಲ್ಲದಕ್ಕೂ "ಹೂಂ" ಎಂದರು. "ದೋಣೀಲಿ ಹೆದ್ರಿಕೆ ಆಗಲ್ವಾ ನಿಂಗೆ?" ಎಂದು ಒಂದು ಸಲ ಕೇಳಿದರು. ಅಷ್ಟಕ್ಕೇ ನಾನು ಹಿಗ್ಗಿದೆ.

ಇನ್ನು ಊರ ದೇವತೆ ಚೌಡಮ್ಮನ ಅಪ್ಪಣೆ. ನಮ್ಮ ಕಡೆಯ ಜನ ಸೀಮೆ ದಾಟಿ ಹತ್ತು ದಿನ ಹೋಗಬೇಕಾದರೂ ಅಮ್ಮನ ಹತ್ತಿರ ಪ್ರಸಾದ ಕೇಳದೆ ಹೋಗುವುದಿಲ್ಲ. ಪೂಜೆಯ ಕೆರಿಯಪ್ಪಜ್ಜ ಕಲ್ಲಿನ ಮೈಗೆ ನೀರು ಹಾಕಿ, ಬಲಗಡೆ ಒಂದು, ಎಡಗಡೆ ಒಂದು ಹೂವು ಅಂಟಿಸುತ್ತಾನೆ. ಮನಸ್ಸಿನಲ್ಲಿ ಕೇಳಿಕೊಳ್ಳಬೇಕು. ಬಲದ ಹೂವು ಮೊದಲು ಬಿದ್ದರೆ ಹೌದು, ಎಡದ್ದು ಬಿದ್ದರೆ ಅಲ್ಲ. ಗಂಡ ಹೆಂಡತಿ ಜೊತೆಯಲ್ಲಿ ನಿಂತರೆ ಇಬ್ಬರದೂ ಒಂದೇ ಪ್ರಶ್ನೆ ಇರಬೇಕು. ಅದು ಎಲ್ಲರಿಗೂ ಗೊತ್ತಿದ್ದದ್ದೇ. ಹಾಗಾಗಿ ಏನು ಕೇಳುತ್ತೀರಿ ಎಂದು ನಾನು ಇವರನ್ನು ಕೇಳಲೂ ಇಲ್ಲ.

'ಇವರು ಮತ್ತೆ ಸೈಕಲ್ ಹತ್ತುತ್ತಾರಾ? ಹೌದಾದರೆ ಬಲ ಕೊಡು ತಾಯೀ' ಎಂದು ಕಣ್ಣು ಮುಚ್ಚಿದೆ. ತೆರೆಯುವಷ್ಟರಲ್ಲಿ ಬಲದ ಹೂವು ಬಿದ್ದಿತ್ತು. ಎಡದ್ದು ಅಲ್ಲಾಡಲೂ ಇಲ್ಲ. ನನಗೆ ಕುಣಿಯುವಷ್ಟು ಸಂತೋಷ. ಇವರ ಕಣ್ಣಲ್ಲಿ ನೀರು. ಭಕ್ತಿ ಅಂದುಕೊಂಡೆ, ನನ್ನಂಥ ಪೆದ್ದಿ!

ಮಂಗಳವಾರ ನೋಡಿದರೆ ಜಗಲಿಯಲ್ಲಿ ಸೈಕಲ್ ಇಲ್ಲ. "ಎಣ್ಣೆ ಹಾಕ್ಸೋಕೆ ಅಂಗಡೀಲಿ ಬಿಟ್ಟೀನಿ" ಎಂದರು. ಗುರುವಾರ ಸಂತೆಗೆ ಹೋದವಳು, ಹೇಗೂ ಪಂಪು ತರುವುದಿತ್ತು, ಶ್ರೀಕೃಷ್ಣನ ಸೈಕಲ್ ಅಂಗಡಿಗೆ ಹೋದೆ.

"ಇಲ್ಲಿಗೆ ಬಂದಿಲ್ಲಲ್ಲಕ್ಕಾ," ಎಂದ ಅವನು. "ಸೋಮವಾರ ಸಂಜೆ ಭೂತಪ್ಪಣ್ಣ ಹೊಸನಗರದ ಬಸ್ಸಿನ ಮೇಲೆ ಕಟ್ಟಿಸ್ತಿದ್ದ. ಹೂವಿ ತಮ್ಮಂಗೆ ಕೊಟ್ಟುಬಿಟ್ಟೆ, ನಂಗಿನ್ನು ಬೇಡ ಅಂದ."

ಪಂಪು ಅಲ್ಲೇ ಬಿಟ್ಟು ಬಂದೆ. ಮಧ್ಯಾಹ್ನ ಇವರು ಊಟಕ್ಕೆ ಬಂದಾಗ ತಟ್ಟೆ ಇಟ್ಟೆ, ಅನ್ನ ಬಡಿಸಲಿಲ್ಲ.

"ಸೈಕಲ್ ಎಲ್ಲಿ?"

ಇವರು ಖಾಲಿ ತಟ್ಟೆ ನೋಡುತ್ತಾ ಕೂತರು.

"ಬೇಡ ಆಗಿದ್ರೆ ಬೇಡ ಅನ್ಬೇಕಿತ್ತು! ಹದಿನೈದು ದಿನದಿಂದ ಊರೋರ ಕೈಲೆಲ್ಲ ನಗಿಸ್ಕೊಂಡು ಒದ್ದಾಡ್ತಿದೀನಿ. ಅಮ್ಮ ಬೇರೆ ಬಲ ಕೊಟ್ಟಿದಾಳೆ!"

"ಅಮ್ಮ ಬಲ ಕೊಟ್ಲು ಅಂತಲೇ ಕಳ್ಸಿದ್ದು," ಎಂದರು ಮೆಲ್ಲಗೆ.

"ಅಂದ್ರೆ? ನೀವೇನು ಕೇಳ್ಕೊಂಡ್ರಿ?"

ತಟ್ಟೆ ಪಕ್ಕಕ್ಕೆ ಸರಿಸಿದರು. ಆಮೇಲೆ ಹೇಳಿದರು. "ನಾನು ಸೈಕಲ್ ಹತ್ತಿದ್ರೆ ಹೂವಿಗೆ ಮತ್ತೆ ಏನಾದ್ರೂ ಆಗತ್ತಾ, ಆಗೋದಾದ್ರೆ ಬಲ ಕೊಡು ಅಂತ ಕೇಳ್ಕೊಂಡೆ."

ನನ್ನ ಕೈಯಲ್ಲಿದ್ದ ಸೌಟು ಕೈಯಲ್ಲೇ ಉಳಿಯಿತು.

"ಮಂಡಿಗೆ ಏನೂ ಆಗಿಲ್ಲ ಹೂವೀ. ಯುಗಾದಿಗೇ ಸರಿಯಾಗಿತ್ತು," ಎಂದರು. "ಆವತ್ತು ಇಳಿಜಾರಲ್ಲಿ ಏಳು ಸಲ ಕೂಗ್ದೆ, ಹೂವೀ ಇದ್ದೀಯಾ ಅಂತ. ನೀ ಓ ಅನ್ಲಿಲ್ಲ. ಸೈಕಲ್ ನೋಡಿದ್ರೆ ಸಾಕು, ಅದೇ ಕಿವೀಲಿ ಕೂರತ್ತೆ. ನೀ ಓ ಅನ್ನದೇ ಇದ್ದದ್ದು."

ವರ್ಷಪೂರ್ತಿ ಕೊಬ್ಬರಿ ಎಣ್ಣೆ ತಿಕ್ಕಿದ್ದೆ ಆ ಮಂಡಿಗೆ. ಅಳು ಬಂತು, ಅದರ ಜೊತೆಗೇ ಸಿಟ್ಟೂ ಬಂತು. ನನ್ನಲ್ಲಿ ಎರಡೂ ಯಾವಾಗಲೂ ಒಟ್ಟಿಗೇ ಬರುತ್ತವೆ. ಅನ್ನ ಬಡಿಸಿದೆ. ಉಂಡ ಮೇಲೆ ಕೈ ಹಿಡಿದು ಎಳೆದುಕೊಂಡು ಕೆರಿಯಪ್ಪಜ್ಜನ ಹತ್ತಿರ ಹೋದೆ.

ಅಜ್ಜ ಕೇಳಿ ಕೆಂಡವಾದ. "ಒಂದು ಹೂವಿಗೆ ಎರಡು ಪ್ರಶ್ನೆಯಾ? ಅಮ್ಮ ಯಾರಿಗೆ ಅಂತ ಉತ್ರ ಕೊಡ್ಬೇಕು? ನಂಗೆ ಎಪ್ಪತ್ತು ವರ್ಷ, ಇಂಥ ಗಂಡ ಹೆಂಡ್ತೀನ ಕಂಡಿಲ್ಲ. ಈ ಪ್ರಸಾದ ಲೆಕ್ಕಕ್ಕಿಲ್ಲ. ತಪ್ಪುಕಾಯಿ ಒಡೀರಿ, ಹೊಸದಾಗಿ ಒಂದೇ ಕೇಳ್ಕಳಿ." ಬೈಯುತ್ತಲೇ ಹೊಸ ಹೂವು ಒದ್ದೆ ಮಾಡಿದ.

ಇವರು ಕೈ ಮುಗಿದು ನಿಂತರು. ಈ ಸಲವೂ ಅದೇ ಕೇಳುತ್ತಾರೆ ಎಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ಬೇಡ ಅಜ್ಜಾ," ಎಂದೆ. "ಕಾಯಿ ಒಡೀರಿ. ಪ್ರಸಾದ ಬೇಡ." ಇವರ ಕಡೆ ತಿರುಗಿದೆ. "ನಂಗೆ ಏನಾಗತ್ತೆ ಅಂತ ನನ್ನ ಕೇಳ್ದೆ ಅಮ್ಮನ್ನ ಕೇಳೋಕೆ ನೀ ಯಾರು? ಕ್ಯಾರಿಯರ್ ಮೇಲೆ ಕೂತೋಳು ನಾನು. ನನ್ನ ಕೇಳು!"

ಎಂಟು ವರ್ಷದಲ್ಲಿ ಮೊದಲ ಸಲ ಇವರನ್ನು ಏಕವಚನದಲ್ಲಿ ಕರೆದಿದ್ದೆ, ಅದೂ ಅಮ್ಮನ ಎದುರಿಗೆ. ಅಜ್ಜ ಹೂವು ಕೆಳಗಿಟ್ಟ. ಇವರು ನನ್ನನ್ನೇ ನೋಡಿದರು.

"ಮತ್ತೆ ಕೂರ್ತೀಯಾ ಹೂವೀ?"

"ಕೂರ್ತೀನಿ," ಎಂದೆ.

ಶುಕ್ರವಾರ ಬೆಳಗಿನ ಬಸ್ಸಿಗೆ ಹೊಸನಗರಕ್ಕೆ ಹೋದೆವು. ನನ್ನ ತಮ್ಮ ಮಂಜುನಾಥಪ್ಪ ಸೈಕಲ್ಲನ್ನು ಗೋಣಿತಾಟು ಹೊದಿಸಿ ಇಟ್ಟಿದ್ದ. "ಭಾವ ವಾಪಸ್ ಬಂದೇ ಬರ್ತಾರೆ ಅಂತ ಗೊತ್ತಿತ್ತು, ನಾ ಮುಟ್ಟೂ ಇಲ್ಲ," ಎಂದ. ಊಟ ಮಾಡಿಸದೆ ಬಿಡಲಿಲ್ಲ. ಸಾಗರದ ಬಸ್ಸು ನಿಂತಿತ್ತು. ಕಂಡಕ್ಟರ್ ಮೇಲಿಂದ ಹಗ್ಗ ಇಳಿಬಿಟ್ಟ.

"ಹಗ್ಗ ಬೇಡ," ಎಂದು ನಾನು ಹೋಗಿ ಕ್ಯಾರಿಯರ್ ಮೇಲೆ ಕೂತೆ.

"ಕುರ್ವೇಲಿ ಹತ್ತಿದ್ರೆ ಆಗಲ್ವಾ? ಅಲ್ಲಿ ಸಮ ನೆಲ," ಎಂದರು ಇವರು.

"ಅಲ್ಲಿಗೆ ನಿಮ್ಮ ಮಂಡಿಗೆ ಅಂತ ಹೊರಟಿದ್ದು. ಮಂಡಿಗೇನೂ ಆಗಿಲ್ಲಲ್ಲ. ನಡೀರಿ."

ಮೊದಲ ಅರ್ಧ ಮೈಲಿ ಇವರು ಹತ್ತಲೇ ಇಲ್ಲ. ಹ್ಯಾಂಡಲ್ ಹಿಡಿದು ನನ್ನನ್ನು ದೇವರ ಮೂರ್ತಿಯ ಹಾಗೆ ತಳ್ಳಿಕೊಂಡು ನಡೆದರು. ಹೊಸನಗರದ ಜನ ನಿಂತು ನೋಡಿದರು. ಊರು ದಾಟಿದ ಮೇಲೆ ಒಂದು ಮಾವಿನ ಮರದ ಹತ್ತಿರ ನಿಂತು, ಪಂಚೆ ಎತ್ತಿ ಕಟ್ಟಿ, ಕಾಲು ಹಾಕಿದರು. ಸೈಕಲ್ ಆ ಕಡೆ ಈ ಕಡೆ ವಾಲಿತು. ಹೆದರಿಕೆ ಇರಲಿಲ್ಲ ಅಂದರೆ ಸುಳ್ಳು. ಸೀಟಿನ ಕಬ್ಬಿಣ ಹಿಡಿದ ನನ್ನ ಬೆರಳು ಬೆಳ್ಳಗಾಗಿದ್ದವು.

"ಹೂವೀ, ಇದ್ದೀಯಾ?"

"ಇದ್ದೀನಿ."

ಹತ್ತು ಸಲ ಪೆಡಲ್ ತುಳಿದರೆ ಒಂದು ಸಲ ಕೇಳುವುದು. ತಿರುವಿಗೂ ಕೇಳುವುದು, ನೇರ ದಾರಿಗೂ ಕೇಳುವುದು. ಏರು ಬಂದಾಗ ನಾನು ಇಳಿದು ಪಕ್ಕದಲ್ಲೇ ನಡೆದರೆ, ಕಣ್ಣೆದುರಿಗೇ ಇದ್ದವಳನ್ನು ಮತ್ತೆ ಕೇಳುವುದು! "ಇದ್ದೀನಿ, ಇದ್ದೀನಿ, ಇದ್ದೀನಿ! ಮೂರು ಮುಂಗಡ ಇಟ್ಕೊಳ್ಳಿ!" ಎಂದು ರೇಗಿದೆ. ಇವರು ನಕ್ಕರು. ವರ್ಷದ ಮೇಲೆ ಆ ನಗು ಕೇಳಿ ಸೆರಗಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದೆ. ಅದಕ್ಕೇ ಮುಂದಿನ ಸಲ ಕೇಳಿದಾಗ "ಇದ್ದೀನಿ" ಎನ್ನಲು ಸ್ವಲ್ಪ ತಡವಾಯಿತು. ತಕ್ಷಣ ಬ್ರೇಕು ಹಾಕಿ, ಕಾಲು ಊರಿ, ತಿರುಗಿ ನೋಡಿದರು. ಮುಖ ಬಿಳಿಚಿಕೊಂಡಿತ್ತು. ಇವರು ವರ್ಷವಿಡೀ ಹೊತ್ತು ತಿರುಗಿದ್ದು ಎಂಥ ಭಾರ ಎಂದು ನನಗೆ ಅರ್ಥವಾದದ್ದು ಆಗ. ಆಮೇಲೆ ಒಂದು ಸಲವೂ ನಾನು ತಡಮಾಡಲಿಲ್ಲ.

ಸಾಗರಕ್ಕೆ ಇನ್ನು ನಾಲ್ಕೈದು ಮೈಲಿ ಇತ್ತು, ಬಿಸಿಲು ಇಳಿಯುತ್ತಿತ್ತು, ಗಾಳಿಗೆ ಚಳಿ ಸೇರುತ್ತಿತ್ತು.

"ಚಳಿಗೆ ಮಂಡಿ ಹಿಡೀತಾ?" ಎಂದೆ ಬೇಕೆಂತಲೇ.

"ಸುಮ್ನೆ ಕೂತ್ಕೋ," ಎಂದರು. ಸ್ವಲ್ಪ ದೂರ ಹೋದ ಮೇಲೆ, "ನಾಳೆ ಬಸ್ಸು ಎಷ್ಟು ಗಂಟೆಗೆ ಅಂದೆ?"

"ಏಳಕ್ಕೆ. ದೋಣೀಲಿ ಸೈಕಲ್ ಮಲಗಿಸ್ಬೇಕು."

"ಕುರ್ವೇಲಿ ದಿನಾ ಹಿಂದೆ ಕೂರ್ತೀಯಲ್ಲ?"

"ಭಾರ ಸಾಲದಿದ್ರೆ ಮಾಸ್ತಮ್ಮನ್ನೂ ಕೂರಿಸ್ಕೊಳ್ಳಿ."

ಅಷ್ಟರಲ್ಲಿ ಉದ್ದನೆಯ ಇಳಿಜಾರು ಬಂತು, ತುದಿಯಲ್ಲಿ ತಿರುವು. ಹಿಂದಿನ ಇಳಿಜಾರುಗಳಲ್ಲೆಲ್ಲ ಇಳಿಸಿ ನಡೆಸಿದ್ದರು. ಇದರಲ್ಲಿ ಇಳಿಸಲಿಲ್ಲ. ಗಾಳಿ ಕಿವಿಗೆ ಬಡಿಯಿತು, ನನ್ನ ಸೆರಗು ಪಟಪಟ ಎಂದಿತು. ಈಗ ಕೇಳುತ್ತಾರೆ, ಈಗ ಕೇಳುತ್ತಾರೆ ಎಂದು ನಾನು ಬಾಯಲ್ಲಿ ಉತ್ತರ ಹಿಡಿದು ಕೂತಿದ್ದೆ. ತಿರುವೂ ಬಂತು. ಇವರು ಕೇಳಲಿಲ್ಲ. ಶಿಳ್ಳೆ ಹಾಕಿದರು.

"ಇದ್ದೀನಿ," ಎಂದೆ ನಾನೇ, ಕೇಳದಿದ್ದರೂ.