ಬೂಂದಿ ಜಾಲರಿಯಲ್ಲಿ ಇಳಿಸಿದ ಸೀಸ

ದೊಡ್ಡರಂಗಯ್ಯನ ಹತ್ತಿರ ಚರೆ ಇರಲಿಲ್ಲ. ಕೋವಿ ಇತ್ತು, ಬೆಳೆ ಕಾಯಲು ಕೊಟ್ಟ ಲೈಸೆನ್ಸ್ ಇತ್ತು, ಮದ್ದು ಇತ್ತು. ಮದ್ದಿನ ಮೇಲೆ ತುಂಬುವ ಸಣ್ಣ ಗುಂಡು, ಅಂದರೆ ಚರೆ, ಅದು ಮಾತ್ರ ಇರಲಿಲ್ಲ. ತುಮಕೂರಿನ ಅಂಗಡಿಗೆ ಹೋದರೆ ಲೈಸೆನ್ಸ್ ತೋರಿಸಬೇಕು, ಸಹಿ ಹಾಕಬೇಕು, ಒಂದು ದಿನ ಹಾಳು. ಅದಕ್ಕೆ ಅವನು ಮನೆಯಲ್ಲೇ ಮಾಡಿಕೊಳ್ಳುತ್ತಿದ್ದ.

ಮಾಡುವುದನ್ನು ಅಪ್ಪ ಕಲಿಸಿದ್ದ. ಮಗ ಗಂಗಾಧರ್ ತುಮಕೂರಿನ ಪಕ್ಕದ ಸತ್ಯಮಂಗಲದ ಒಂದು ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದ. ಕೆಟ್ಟ ಬ್ಯಾಟರಿಗಳ ಸೀಸವನ್ನು ಗುಜರಿಯಿಂದ ತಂದುಕೊಡುತ್ತಿದ್ದ. ರಂಗಯ್ಯ ಅದನ್ನು ಹಿತ್ತಿಲ ಒಲೆಯ ಮೇಲೆ ಕರಗಿಸಿ, ತೂತಿನ ಸೌಟಿನಲ್ಲಿ ಹೊಯ್ದು, ಕೆಳಗಿಟ್ಟ ನೀರಿನ ಬಕೆಟ್ಟಿಗೆ ಹನಿಹನಿಯಾಗಿ ಇಳಿಸುತ್ತಿದ್ದ. ಆ ಸೌಟು ಹೆಂಡತಿ ಚಿಕ್ಕಮಾರಮ್ಮನ ಬೂಂದಿ ಜಾಲರಿ. ಕೆಲಸ ಮುಗಿದ ಮೇಲೆ ಬೂದಿ ಹಾಕಿ ಉಜ್ಜಿ ಗೋಡೆಗೆ ತೂಗುಹಾಕುತ್ತಿದ್ದ. ಹಬ್ಬ ಬಂದಾಗ ಅದರಲ್ಲೇ ಬೂಂದಿ ಕರಿಯುತ್ತಿದ್ದರು.

ಅವರ ಹಳ್ಳಿ ಕೋಡಿಪಾಳ್ಯ, ಗುಬ್ಬಿ ತಾಲ್ಲೂಕು. ಕೆರೆಗೆ ಹೇಮಾವತಿ ನಾಲೆಯ ನೀರು ಬಂದ ವರ್ಷಗಳಲ್ಲೆಲ್ಲ ಕೆರೆಯಂಚಿನ ಗದ್ದೆಗೆ ಕಾಡುಬಾತು, ಜಂಬುಕೋಳಿ ಇಳಿಯುತ್ತವೆ. ರಂಗಯ್ಯ ಬದುವಿನ ಮೇಲೆ ನಿಂತು ಕೋವಿ ಹಾರಿಸುತ್ತಿದ್ದ. ಹಕ್ಕಿ ಓಡಿಸುವುದಕ್ಕೆ ಎನ್ನುತ್ತಿದ್ದ. ಓಡದೆ ಉಳಿದವು ಸಾರಿಗೆ ಬರುತ್ತಿದ್ದವು.

ಅದೇ ಕೆರೆಯಂಚಿನಲ್ಲಿ ಚಿಕ್ಕಮಾರಮ್ಮನ ಸಾಕಿದ ಬಾತುಗಳು ಮೇಯುತ್ತಿದ್ದವು. ಇಪ್ಪತ್ತೆರಡಿದ್ದವು. ಮಾಘದಲ್ಲಿ ಒಂದು ಬಾತು ರೆಕ್ಕೆ ಇಳಿಬಿಟ್ಟಿತು. ಹಸಿರು ಹಸಿರಾಗಿ ನೀರಿನಂತೆ ಹಿಕ್ಕೆ ಹಾಕಿತು, ಎದೆಮೂಳೆ ಕಾಣುವಷ್ಟು ಸೊರಗಿ ಸತ್ತಿತು. ಆಮೇಲೆ ಇನ್ನೊಂದು. ಒಂಬತ್ತನೆಯದು ಸತ್ತಾಗ ಅವಳು ಊರಿನ ದನ-ಕೋಳಿಗಳ ಕಾಯಿಲೆ ನೋಡುವ ಸ್ವಸಹಾಯ ಸಂಘದ ಪಶುಸಖಿ ಸುಶ್ಮಿತಾಳನ್ನು ಕರೆಸಿದಳು.

"ಯಾರೋ ವಿಷ ಇಕ್ಕವ್ರೆ ಕಣವ್ವ," ಎಂದಳು ಚಿಕ್ಕಮಾರಮ್ಮ.

"ವಿಷಾನೂ ಇಲ್ಲ, ಗಿಷಾನೂ ಇಲ್ಲ," ಎಂದ ರಂಗಯ್ಯ, ಜಗಲಿಯಿಂದ ಏಳದೆ. "ನಿನ್ ಬಾತ್ಗೆ ದೃಷ್ಟಿ ಆಗೈತೆ. ಮೊಟ್ಟೆ ಮೊಟ್ಟೆ ಅಂತ ಊರೆಲ್ಲ ಸಾರ್ಕಂಡು ಬಂದೆ."

ಸುಶ್ಮಿತಾ ಕೈಗವಸು ಹಾಕಿಕೊಂಡು ಸತ್ತ ಬಾತನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಸ್ಕೂಟರಿನಲ್ಲಿ ಗುಬ್ಬಿಗೆ, ದನದ ಡಾಕ್ಟರ ಹತ್ತಿರ ಒಯ್ದಳು. ಸಂಜೆ ವಾಪಸ್ ಬಂದಾಗ ಅವಳ ಕೈಯಲ್ಲಿ ಒಂದು ಸಣ್ಣ ಪೊಟ್ಟಣವಿತ್ತು. ಜಗಲಿಯ ಮೇಲೆ ಬಿಚ್ಚಿದಳು. ಏಳು ಬೂದುಬಣ್ಣದ ಚೂರುಗಳು. ಕೆಲವು ಗುಂಡಗೆ, ಕೆಲವು ಸವೆದು ಬಿಲ್ಲೆಯಂತೆ.

"ಇದು ಬಾತಿನ ಹೊಟ್ಟೇಲಿ ಸಿಕ್ಕಿದ್ದು, ಮಾವ. ಬಾತಿಗೆ ಹಲ್ಲಿಲ್ಲ. ಕಾಳು ಅರೆಯೋಕೆ ಅಂತ ಕೆಸರಿಂದ ಸಣ್ಣ ಕಲ್ಲು ನುಂಗುತ್ತೆ. ಕಲ್ಲು ಅಂದ್ಕೊಂಡು ನಿಮ್ಮ ಚರೆ ನುಂಗಿದೆ. ಕಾಳಿನ ಜೊತೆ ಸೀಸಾನೂ ಅರೆದು ರಕ್ತಕ್ಕೆ ಸೇರಿದೆ."

ರಂಗಯ್ಯ ನಕ್ಕ. "ನಮ್ಮಪ್ಪ ಚರೆ ಹೊಡೆದ ಹಕ್ಕೀನೇ ತಿಂದು ಎಂಬತ್ತು ವರ್ಷ ಬದುಕ್ದ. ನೀನು ಸ್ಕೂಟ್ರು ತಗಂಡು ಮೂರು ತಿಂಗ್ಳಾಯ್ತು, ನಂಗೆ ಪಾಠ ಏಳ್ತೀಯಾ?"

"ಸ್ಕೂಟ್ರು ಸುದ್ದಿ ಬುಡು, ಚರೆ ಸುದ್ದಿ ಏಳು," ಎಂದಳು ಚಿಕ್ಕಮಾರಮ್ಮ. "ಇದು ನಿಂದೇ ತಾನೆ?"

"ಇದ್ರೆ ಇರ್ಲಿ. ಸೀಸ ಬ್ಯಾಡ ಅಂದ್ರೆ ಬುಡ್ತೀನಿ. ಮಗನ ವರ್ಕ್‌ಶಾಪ್ನಾಗೆ ಬೇರಿಂಗ್ ಗುಂಡು ರಾಶಿ ಬಿದ್ದಿರ್ತದೆ. ಅದ್ನೇ ತುಂಬ್ತೀನಿ. ಕಬ್ಬಿಣ ಏನ್ ಮಾಡ್ತದೆ?"

"ನಿಮ್ಮ ಕೋವಿ ನಳಿಗೆ ನಿಮ್ಮ ತಾತನ ಕಾಲದ್ದು, ಮೆತ್ತಗಿನ ಕಬ್ಬಿಣ," ಎಂದಳು ಸುಶ್ಮಿತಾ. "ಬೇರಿಂಗ್ ಗುಂಡು ಗಟ್ಟಿ. ಒಳಗೆಲ್ಲ ಗೀರುತ್ತೆ. ಒಂದಿನ ನಳಿಗೆ ಸಿಡಿದ್ರೆ ಕೈಯೇ ಹೋಗುತ್ತೆ. ಬಾತು ಹೊಡೆಯೋಕೆ ಕಾನೂನು ಒಪ್ಪೋ ದೇಶಗಳಿವೆ. ಅವುಗಳಲ್ಲೂ ಎಷ್ಟೋ ಕಡೆ ನೀರಿನ ಹತ್ರ ಸೀಸ ಹಾರಿಸೋ ಹಾಗಿಲ್ಲ. ಹಳೇ ಕೋವಿಗೆ ಅಂತ ಬಿಸ್ಮತ್ ಅನ್ನೋ ಬೇರೆ ಲೋಹದ ಚರೆ ತುಂಬ್ತಾರಂತೆ. ನಮ್ಮಲ್ಲಿ ಆ ಮಾತೇ ಇಲ್ಲ. ಕಾಡುಬಾತಿಗೆ, ಜಂಬುಕೋಳಿಗೆ ಯಾವ ಗುಂಡು ಹೊಡೆದ್ರೂ ಕೇಸು. ನಿಮ್ಮ ಲೈಸೆನ್ಸಲ್ಲಿ ಬೆಳೆ ಕಾಯೋಕೆ ಅಂತ ಬರೆದಿದೆ, ಸಾರಿಗೆ ಅಂತ ಬರೆದಿಲ್ಲ."

"ಮತ್ತೆ ಭತ್ತ ಕಾಯದೆಂಗೆ? ಹಕ್ಕಿಗೆ ನೀನ್ ಹೋಗಿ ಕಾನೂನು ಓದ್ತೀಯಾ?"

ಅಷ್ಟರಲ್ಲಿ ಮೊಮ್ಮಗಳು ಭಾನುಪ್ರಿಯಾ ಒಳಗಿಂದ ಬಂದಳು. ಆರು ವರ್ಷ, ಒಂದನೇ ಕ್ಲಾಸು. ಅಪ್ಪ ಅಮ್ಮ ಇಬ್ಬರೂ ಬೆಳಗ್ಗೆ ತುಮಕೂರಿನ ಕಡೆ ಕೆಲಸಕ್ಕೆ ಹೋಗುತ್ತಾರೆ. ಮಗು ಇರುವುದು ಅಜ್ಜಿ ತಾತನ ಜೊತೆ. ಆ ವರ್ಷ ಅವಳಿಗೆ ಊಟ ಸೇರುತ್ತಿರಲಿಲ್ಲ, ಪದೇ ಪದೇ ಹೊಟ್ಟೆನೋವು. ಜಂತುಹುಳ ಅಂತ ಮಾತ್ರೆ ಕೊಟ್ಟಿದ್ದರು. ನಿನ್ನೆ ಕಲಿತ ಅಕ್ಷರ ಇವತ್ತು ಮರೆಯುತ್ತಾಳೆ ಎಂದು ಮೇಷ್ಟರು ಹೇಳಿದ್ದರು. ಆಟ ಜಾಸ್ತಿಯಾಯಿತು ಎಂದು ಮನೆಯವರು ಬೈದಿದ್ದರು.

ಅವಳು ಪೊಟ್ಟಣ ನೋಡಿದಳು.

"ತಾತನ ಬೂಂದಿ! ನಂತಾವಾನೂ ಐತೆ."

ಓಡಿಹೋಗಿ ಹಳೇ ಪೌಡರ್ ಡಬ್ಬಿ ತಂದು ಜಗಲಿಯ ಮೇಲೆ ಸುರಿದಳು. ಬಕೆಟ್ಟಿನಿಂದ ಚರೆ ಬಾಚುವಾಗ ತಾತನೇ ಆಡಲು ಕೊಟ್ಟದ್ದು. ಸುಶ್ಮಿತಾ ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು. ಅದರ ಮೇಲೆ ಸಣ್ಣ ತಗ್ಗುಗಳಿದ್ದವು.

"ಇದೇನು ಪುಟ್ಟಿ?"

"ಹಲ್ಲಿಂದು. ಕಚ್ಚಿದ್ರೆ ಗುರ್ತು ಬೀಳ್ತದೆ. ಕಲ್ಲು ಕಚ್ಚಿದ್ರೆ ಬೀಳಲ್ಲ."

"ನುಂಗಿದೀಯಾ?"

ಮಗು ತಾತನ ಮುಖ ನೋಡಿತು.

ರಂಗಯ್ಯ ಎದ್ದು ನಿಂತ. "ಏನಾಯ್ತದೆ?" ಎಂದ. ಈ ಸಲ ನಗಲಿಲ್ಲ.

"ಬಾತಿಗೆ ಆದದ್ದೇ," ಎಂದಳು ಸುಶ್ಮಿತಾ. "ನಿಧಾನವಾಗಿ. ಮಕ್ಕಳಿಗೆ ಮೊದಲು ತಲೆಗೇ ಏಟು. ಕರಗಿಸುವಾಗ ಬರೋ ಹೊಗೆ, ಒಲೆ ಸುತ್ತ ಕೂರೋ ಧೂಳು, ಎಲ್ಲಾ ಅದೇ. ಕುಡಿದಿರೋದು ಇವಳೊಬ್ಬಳೇ ಅಲ್ಲ. ಅದೂ ಬ್ಯಾಟರಿ ಸೀಸ, ಬೇರೆ ವಿಷಾನೂ ಬೆರೆತಿರುತ್ತೆ. ನಾಳೇನೇ ತುಮಕೂರಿಗೆ ಕರ್ಕೊಂಡೋಗಿ, ರಕ್ತದಲ್ಲಿ ಸೀಸ ಎಷ್ಟಿದೆ ನೋಡಿ ಅಂತ ಕೇಳಿ. ಹಾಗೆ ಬಾಯಿಬಿಟ್ಟು ಕೇಳದಿದ್ರೆ ಮತ್ತೆ ಜಂತುಹುಳದ ಮಾತ್ರೆ ಕೊಡ್ತಾರೆ."

ಚಿಕ್ಕಮಾರಮ್ಮ ಒಳಗೆ ಹೋಗಿ ಜಾಲರಿ ತಂದಳು. "ಇದ್ನ ತೊಳೆದ್ರೆ ಓಗಲ್ವೇನವ್ವ?"

"ಹೋಗಲ್ಲ ಅತ್ತೆ. ಇದ್ರಲ್ಲಿ ಇನ್ನು ಬೂಂದಿ ಕರೀಬೇಡಿ."

"ದೀಪಾವಳಿಗೆ ಕರ್ದಿದ್ದೆ," ಎಂದಳು ಚಿಕ್ಕಮಾರಮ್ಮ. "ಅಂಗನವಾಡಿಗೂ ಕಳ್ಸಿದ್ದೆ." ಆಮೇಲೆ ಗಂಡನ ಕಡೆ ತಿರುಗಿ, "ನನ್ ಬಾತು ಓದ್ರೆ ಓಗ್ಲಿ ಅಂದ್ಕಂತಿದ್ದೆ ಕಣಯ್ಯ. ನಿನ್ ಕೋವಿ ಮನೆ ಒಳಗೇ ಹೊಡೀತಿತ್ತು," ಎಂದಳು.

ಹನ್ನೆರಡು ದಿನಕ್ಕೆ ರಿಪೋರ್ಟ್ ಬಂತು. ಮಗುವಿನ ರಕ್ತದಲ್ಲಿ ಸೀಸ ಇತ್ತು, ಬಹಳ ಇತ್ತು. ಡಾಕ್ಟರು ಮಾತ್ರೆ ಕೊಟ್ಟರು, ಸೊಪ್ಪು ಹಾಲು ಚೆನ್ನಾಗಿ ಕೊಡಿ ಎಂದರು. ಆ ಮನೆಯಲ್ಲಿ ಮತ್ತೆ ಸೀಸ ಕರಗಿಸುವುದಾದರೆ ಮಾತ್ರೆ ದಂಡ ಎಂದರು. ಆಗಿಹೋದ ನಷ್ಟ ಎಷ್ಟು ತುಂಬಿಬರುತ್ತದೆ ಎಂದು ರಂಗಯ್ಯ ಕೇಳಿದ. ಹೇಳಲಾಗುವುದಿಲ್ಲ ಎಂದರು.

ಅವನು ಒಲೆ ಕಿತ್ತ. ಅದರ ಸುತ್ತಲಿನ ಮೇಲ್ಮಣ್ಣನ್ನು ನೀರು ಚಿಮುಕಿಸಿ, ಧೂಳೇಳದಂತೆ ಕೆರೆದು ಚೀಲ ಕಟ್ಟಿದ. ಉಳಿದ ಸೀಸವನ್ನು ಹಳೇ ಬ್ಯಾಟರಿ ವಾಪಸ್ ತೆಗೆದುಕೊಳ್ಳುವ ಅಂಗಡಿಗೆ ಕೊಟ್ಟ. ಭತ್ತಕ್ಕೆ ಮಿನುಗುವ ಟೇಪು ಎಳೆದ, ತಗಡಿನ ಡಬ್ಬ ಕಟ್ಟಿದ. ಹಕ್ಕಿ ಸ್ವಲ್ಪ ತಿಂದವು, ಸ್ವಲ್ಪ ಬಿಟ್ಟವು. ಚುನಾವಣೆ ಬಂದಾಗ ಎಲ್ಲರಂತೆ ಕೋವಿಯನ್ನು ಠಾಣೆಯಲ್ಲಿ ಇಟ್ಟುಬಂದ. ಚುನಾವಣೆ ಮುಗಿದ ಮೇಲೆ ಉಳಿದವರು ಹೋಗಿ ತಂದರು. ಅವನು ಹೋಗಲಿಲ್ಲ.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ಎದ್ದು ನಿಮ್ಮ ಹಿತ್ತಿಲು ಒಮ್ಮೆ ನೋಡಿ. ಚರೆಗಾಗಲಿ, ಮೀನುಬಲೆಯ ಗುಂಡಿಗಾಗಲಿ ಮನೆಯಲ್ಲಿ ಸೀಸ ಕರಗಿಸಬೇಡಿ. ಕೆರೆ ಹಕ್ಕಿಗೆ ಕೋವಿ ಎತ್ತಬೇಡಿ. ಸೀಸ ಮುಟ್ಟಿದ ಪಾತ್ರೆ ಮತ್ತೆ ಅಡುಗೆಗೆ ಬೇಡ. ಇಂಥ ಮನೆಯಲ್ಲಿ ಮಗುವಿಗೆ ಬಿಡದ ಹೊಟ್ಟೆನೋವು, ಮರೆವು ಇದ್ದರೆ ಬೈಯಬೇಡಿ, ರಕ್ತ ಪರೀಕ್ಷೆ ಮಾಡಿಸಿ. ಕೆರೆಯ ಕೆಸರಿಗೆ ಬಿದ್ದ ಚರೆಯನ್ನು ಯಾರೂ ಆರಿಸಲಾರರು, ಅದು ಇನ್ನೂ ಅಲ್ಲೇ ಇದೆ. ಇನ್ನಷ್ಟು ಹಾಕದಿರುವುದಷ್ಟೇ ನಮ್ಮ ಕೈಯಲ್ಲಿರುವುದು.

ಕೋಡಿಪಾಳ್ಯದ ಆ ಮನೆಯಲ್ಲಿ ಹೋದದ್ದು ಇಷ್ಟು: ಇಪ್ಪತ್ತೆರಡರಲ್ಲಿ ಹದಿನೇಳು ಬಾತು, ಒಂದು ಬೂಂದಿ ಜಾಲರಿ, ಭಾನುಪ್ರಿಯಾಳ ಒಂದನೇ ಕ್ಲಾಸು.