ಬದಲಿ ಎದೆ

ನನ್ನ ಗಂಡ ಆಬಾಸಾಹೇಬರು ನಿಪ್ಪಾಣಿಯ ತಂಬಾಕು ವ್ಯಾಪಾರಿ. ಕತ್ತಲಾದ ಮೇಲೆ ಊಟ ಮಾಡುವುದಿಲ್ಲ, ಗಡ್ಡೆಗೆಣಸು ಮುಟ್ಟುವುದಿಲ್ಲ, ಇರುವೆ ಸಾಲು ಕಂಡರೆ ಸುತ್ತು ಹಾಕಿ ನಡೆಯುತ್ತಾರೆ. ಬೀಡಿಗೆ ಮಾತ್ರ ಹಗಲು ರಾತ್ರಿಯ ಹಂಗಿಲ್ಲ. ಮದುವೆಯಾದಾಗಿನಿಂದ ಬೈಯುತ್ತ ಬಂದಿದ್ದೇನೆ. ನನ್ನ ಗಂಟಲು ಕೆಟ್ಟಿತೇ ಹೊರತು ಅವರ ಬೀಡಿ ಆರಲಿಲ್ಲ.

ಚಿಕ್ಕೋಡಿಯ ಆಸ್ಪತ್ರೆಯೊಂದರಲ್ಲಿ, ಐವತ್ತು ದಾಟಿದ, ಬಹಳ ವರ್ಷ ಬೀಡಿ ಸಿಗರೇಟು ಸೇದಿದವರ ಎದೆಯನ್ನು ಸಿ.ಟಿ. ಸ್ಕ್ಯಾನ್ ಮಾಡಿ ನೋಡುತ್ತಾರೆಂದು ಹೋದ ವರ್ಷ ಗೊತ್ತಾಯಿತು. ಕೆಮ್ಮು, ನೋವು ಏನೂ ಇಲ್ಲದಾಗಲೇ ನೋಡಿದರೆ, ಕ್ಯಾನ್ಸರ್ ಇದ್ದರೂ ಸಣ್ಣದಿದ್ದಾಗ ಸಿಗುತ್ತದಂತೆ. ನಾನು ಇವರನ್ನು ಕೇಳದೆಯೇ ಹೆಸರು ಬರೆಸಿದೆ.

"ನನಗೇನಾಗೇತಿ? ಗಟ್ಟಿ ಅದೀನಿ," ಎಂದರು.

"ಗಟ್ಟಿ ಇದ್ದಾಗನ ನೋಡಬೇಕಂತ. ಹೋಗದಿದ್ರ ನಾ ಅಡಗಿಮನಿಗೆ ಕಾಲಿಡೂದಿಲ್ಲ."

ಹೋದರು. ಹೊತ್ತು ಮುಳುಗುವ ಮುಂಚೆ ಬಂದು ಊಟಕ್ಕೆ ಕುಳಿತರು. "ದೊಡ್ಡ ಬಳಿ ಇದ್ದಂಗ ಮಷೀನ್ ಐತಿ. ಉಸರ ಹಿಡಿ ಅಂತಾರ, ಬಿಡು ಅಂತಾರ. ಮುಗೀತು." ಇಷ್ಟು ಸರಿಯಾಗಿ ಹೇಳಿದವರ ಮೇಲೆ ಯಾರಿಗೆ ಅನುಮಾನ ಬಂದೀತು?

ಕೆಲವು ದಿನಗಳಲ್ಲಿ ಆಸ್ಪತ್ರೆಯಿಂದ ಫೋನ್ ಬಂತು. ಎದೆಯಲ್ಲಿ ಒಂದು ಚುಕ್ಕಿ ಕಂಡಿದೆ, ನಾಳೆ ಪೇಶಂಟನ್ನು ಕರೆದುಕೊಂಡು ಬನ್ನಿ ಎಂದರು. ಅವತ್ತು ಬೈಗುಳ ಬಂದ್. ಹೋಳಿಗೆ ಮಾಡಿ, ಪಕ್ಕದಲ್ಲೇ ಕುಳಿತು ತುಪ್ಪ ಹಾಕಿದೆ. ಅವರು ಹೋಳಿಗೆ ನೋಡುತ್ತ ಕಣ್ಣೀರು ಹಾಕಿದರೇ ವಿನಾ ಒಂದು ತುತ್ತೂ ನುಂಗಲಿಲ್ಲ. ಪಾಪ, ಸಾವಿನ ಭಯ ಎಂದುಕೊಂಡೆ.

ಮರುದಿನ ಡಾಕ್ಟರರು ಕಂಪ್ಯೂಟರಿನಲ್ಲಿ ಚಿತ್ರ ತೋರಿಸಿದರು. "ಚುಕ್ಕಿ ಸಣ್ಣದೈತಿ, ನಶೀಬ ಚಲೋ ಐತಿ. ಆದ್ರ ಎಡಗಡೆ ಮೂರು ಪಕ್ಕೆಲುಬು ಎಂದೋ ಮುರದು ಕೂಡ್ಯಾವ. ಎಲ್ಲಿ ಬಿದ್ದಿದ್ರಿ?"

ಆ ಮೈಗೆ ಎಣ್ಣೆ ತಿಕ್ಕುತ್ತಲೇ ಮುದುಕಿಯಾದವಳು ನಾನು. ಇವರು ಅಂಗಡಿಯ ಗಾದಿಯಿಂದ ಸಹ ಬಿದ್ದವರಲ್ಲ. ನಮಗೆ ಗೊತ್ತಿದ್ದವರಲ್ಲಿ ಪಕ್ಕೆಲುಬು ಮುರಿದುಕೊಂಡವನು ಒಬ್ಬನೇ, ಗೊಬ್ಬರಕ್ಕೆಂದು ನಮ್ಮ ಹೊಲದಲ್ಲಿ ಕುರಿ ನಿಲ್ಲಿಸುವ ಮಲಕಾರಿ. ಅವನು ಸಾಕಿದ ಟಗರೇ ಅವನನ್ನು ಗುದ್ದಿತ್ತು. ಇವರ ಬೀಡಿಯ ಜೊತೆಗಾರನೂ ಅವನೇ. ಒಂದೇ ಕಟ್ಟು, ಒಂದೇ ಕಡ್ಡಿಪೆಟ್ಟಿಗೆ.

"ಯಾರನ್ನ ಮಲಗಿಸಿ ಬಂದ್ರಿ?" ಎಂದೆ.

"ಅಂಜಿಕಿ ಆತು, ಸುಗಂಧಾ," ಎಂದರು, ಡಾಕ್ಟರರ ಮುಂದೆಯೇ. "ಮಲಕಾರಿ ಕೈಯಾಗ ನನ್ನ ಆಧಾರ ಕಾರ್ಡ್ ಕೊಟ್ಟು ಒಳಗ ಕಳಿಸಿದೆ. ನಾ ಹೊರಗ ಚಹಾ ಕುಡಕೋಂತ ಕುಂತೆ. ಆ ಫೋಟೋದಾಗ ನಾನೂ ನನ್ನಂಗ ಇಲ್ಲ. ಯಾರೂ ಕೇಳಲಿಲ್ಲ."

ಡಾಕ್ಟರರು ತಲೆ ಹಿಡಿದುಕೊಂಡರು. "ಹಂಗಾರ ಚುಕ್ಕಿ ಅವಂದು. ಲಗೂನ ಕರಕೊಂಡ ಬರ್ರಿ. ಬಿಟ್ರ ಬೆಳೀಬಹುದು."

ಒಂದು ಗಳಿಗೆ ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ? ಆಮೇಲೆ ಮಲಕಾರಿಯ ಹೆಂಡತಿ ಹೊಳೆವ್ವಳ ಮುಖ ನೆನಪಾಗಿ ನಾಚಿಕೆಯಾಯಿತು. ಆ ನಾಚಿಕೆಯನ್ನೂ ಸೇರಿಸಿ, ಹೊಲ ಮುಟ್ಟುವವರೆಗೆ ಗಂಡನನ್ನು ಬೈದೆ.

ಮಲಕಾರಿ ಎಲ್ಲ ಕೇಳಿಸಿಕೊಂಡು, "ಬರಸಿದ್ದು ಸಾವಕಾರ್ರ ಹೆಸರು. ಚುಕ್ಕಿನೂ ಅವರ್ದ ಇರಬೇಕು," ಎಂದ.

"ಚುಕ್ಕಿ ಹೆಸರಿಗೆ ಬರೂದಿಲ್ಲೋ ಮಾರಾಯಾ, ಎದಿಗೆ ಬರ್ತೈತಿ. ನಿನ್ನ ಕಾಲ ಬೀಳ್ತೀನಿ, ನಡಿ," ಎಂದು ಇವರು ಅತ್ತೇಬಿಟ್ಟರು.

"ಮೊದಲ ನೀವು ಮಲಗ್ರಿ. ಇಲ್ಲಂದ್ರ ನಾ ಬರಾಂವಲ್ಲ." ಹೀಗೆಂದವನು ಕುರಿಗಳ ನಡುವೆ ಹೋಗಿ ಕುಳಿತ.

ಮರುದಿನ ಇವರು ಮಷೀನಿನಲ್ಲಿ ಮಲಗಿದರು. ಹಿಂದಿನ ಬಾಗಿಲಿನಿಂದ ಓಡಿಹೋದಾರೆಂದು ಮಲಕಾರಿ ಹೊರಗೆ ಕಾವಲು ನಿಂತ. ಇವರ ಎದೆಯಲ್ಲಿ ಏನೂ ಸಿಗಲಿಲ್ಲ. ಬೀಡಿ ಬಿಡಿ, ವರ್ಷಕ್ಕೊಮ್ಮೆ ಬನ್ನಿ ಎಂದು ಹೇಳಿ ಕಳಿಸಿದರು. ಮಲಕಾರಿಯದು ಮುಂದಿನ ಪರೀಕ್ಷೆಗಳಲ್ಲಿ ಕ್ಯಾನ್ಸರ್ ಎಂದೇ ಆಯಿತು. ಆದರೆ ಎಲ್ಲಿಯೂ ಹಬ್ಬಿರಲಿಲ್ಲ. ಬೆಳಗಾವಿಯಲ್ಲಿ ಆಪರೇಷನ್ ಮಾಡಿ ತೆಗೆದರು.

ನೋಡಲು ಹೋದೆವು. ಮಲಕಾರಿ ಮಲಗಿದ್ದ, ಹೊಳೆವ್ವ ಅವನ ಕಾಲ ಬಳಿ ಕುಳಿತು ಮೋಸಂಬಿ ಸುಲಿಯುತ್ತಿದ್ದಳು. ಅವಳನ್ನು ಕಂಡದ್ದೇ ನಾನು ಗಂಡನ ಮೇಲೆ ಶುರುಮಾಡಿದೆ: ಹೇಡಿ, ಲಫಂಗ, ಬಡವನನ್ನು ಮುಂದೆ ತಳ್ಳಿ ತಾನು ಚಹಾ ಕುಡಿದವನು!

"ಬೈಬ್ಯಾಡ್ರಿ, ಅಕ್ಕಾರ," ಎಂದಳು ಹೊಳೆವ್ವ. "ಸಾವಕಾರ್ರು ಅಂಜಿದ್ದಕ್ಕ ನನ್ನ ಗಂಡ ಉಳದಾನ. ಅವರು ಧೈರ್ಯ ಮಾಡಿ ತಾವ ಹೋಗಿದ್ರ, ಇವನ ಎದಿ ಯಾರು ನೋಡ್ತಿದ್ರು? ನೀವು ಇವನ ಹೆಸರು ಬರಸ್ತಿದ್ರೇನು?"

ಚುಚ್ಚಲೆಂದು ಕೇಳಿದ್ದಲ್ಲ, ನಗುತ್ತಲೇ ಕೇಳಿದಳು. ಒಂದು ತೊಳೆ ಮೋಸಂಬಿಯನ್ನೂ ನನ್ನ ಕೈಗಿಟ್ಟಳು. ನನ್ನ ಬಾಯಿ ಕಟ್ಟಿದ್ದನ್ನು ನನ್ನ ಗಂಡ ಅವತ್ತೇ ಮೊದಲ ಸಲ ನೋಡಿದರು, ಆದರೆ ನಗಲಿಲ್ಲ.